ಕೊಪ್ಪಳದಲ್ಲಿ ಮಳೆಗಾಲದಲ್ಲಿ ಮನೆ ನೋಡಿ ಒಪ್ಪಬೇಡಿ

ಸಣ್ಣ ಮಗು, ನಾಯಿ ಇಟ್ಟುಕೊಂಡು ಕೊಪ್ಪಳಕ್ಕೆ ಮನೆ ಬದಲಾಯಿಸುತ್ತಿರುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾವು 2024ರ ಆಗಸ್ಟ್‌ನಲ್ಲಿ ಇಲ್ಲಿ ಮನೆ ನೋಡಿದೆವು, ಸೆಪ್ಟೆಂಬರ್‌ನಲ್ಲಿ ಬಂದೆವು, ಮುಂದಿನ ಫೆಬ್ರುವರಿಯಲ್ಲಿ ಆ ಮನೆ ಬಿಟ್ಟು ಓಡಿದೆವು. ಅಷ್ಟರಲ್ಲಿ ಮೂರು ವರ್ಷದ ಮಗಳಿಗೆ ಉಬ್ಬಸ ಶುರುವಾಗಿತ್ತು. ಅಡ್ವಾನ್ಸ್ ಹಣ ಇವತ್ತಿಗೂ ಪೂರ್ತಿ ವಾಪಸ್ ಬಂದಿಲ್ಲ.

ಧಾರವಾಡದಿಂದ ಗಂಡನಿಗೆ ಕೊಪ್ಪಳಕ್ಕೆ ವರ್ಗವಾಯಿತು. ಊರೊಳಗೆ ಮನೆ ಸಿಕ್ಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹನ್ನೊಂದು ಮನೆ ನೋಡಿದೆವು. ಎಲ್ಲ ಕಡೆ ಮಾತು ಚೆನ್ನಾಗಿಯೇ ನಡೆಯುತ್ತಿತ್ತು. ಎರಡು ನಾಯಿ ಇವೆ ಅಂದ ಕೂಡಲೇ ಮುಖ ಬದಲಾಗುತ್ತಿತ್ತು. ಬೆಳ್ಳಿ ಧಾರವಾಡದ ಬೀದಿಯಿಂದ ತಂದ ಬಿಳಿ ಹೆಣ್ಣುನಾಯಿ. ಕರಿಯ ನಮ್ಮ ಮಾವನ ಹೊಲದಲ್ಲಿ ಹುಟ್ಟಿದ್ದು. ಇಬ್ಬರನ್ನೂ ಯಾರಿಗೋ ಕೊಟ್ಟು ಬರುವ ಮಾತೇ ಇರಲಿಲ್ಲ. ಕೊನೆಗೆ ಬ್ರೋಕರ್ ಒಬ್ಬರು ಊರಿನ ಪೂರ್ವಕ್ಕೆ, ಹೊಸಪೇಟೆ ರಸ್ತೆಯ ಕಡೆ, ಒಂದು ಹೊಸ ಲೇಔಟ್‌ಗೆ ಕರೆದುಕೊಂಡು ಹೋದರು. ಕಾಂಪೌಂಡ್ ಇರುವ ಮನೆ, ಗಟ್ಟಿ ಗೇಟು, ಸುತ್ತ ಖಾಲಿ ಸೈಟುಗಳು. ಮಗು ಓಡಾಡಬಹುದು, ನಾಯಿಗಳು ಮಲಗಬಹುದು. ಬಾಡಿಗೆ 9,000, ಅಡ್ವಾನ್ಸ್ 50,000. ಓನರ್ ನಾಯಿಗಳ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಅದೊಂದಕ್ಕೇ ನಾವು ಸೋತುಬಿಟ್ಟೆವು.

ಅದು ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ವಾರ. ಊರಲ್ಲೆಲ್ಲ ಅದೇ ಮಾತು. ಹನಿಹನಿ ಮಳೆ ಇತ್ತು, ಪಡುವಣ ಗಾಳಿ ಭರ್ರನೆ ಬೀಸುತ್ತಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಧಾರವಾಡದ ಹಾಗೇ ಇದೆಯಲ್ಲ ಅಂತ ನಾನೇ ಅಂದಿದ್ದೆ. ಆ ಗಾಳಿಯೇ ನಮ್ಮನ್ನು ದಾರಿ ತಪ್ಪಿಸಿತು.

ಕೊಪ್ಪಳದವರಿಗೆ ಇದನ್ನು ಹೇಳಬೇಕಾಗಿಲ್ಲ. ಹೊರಗಿನವರಿಗೆ ಹೇಳುತ್ತೇನೆ. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರದ ಸುತ್ತ ಸ್ಪಾಂಜ್ ಐರನ್ (ಉಕ್ಕು ಮಾಡಲು ಬಳಸುವ ಕಚ್ಚಾ ಕಬ್ಬಿಣ), ಉಕ್ಕಿನ ಕಾರ್ಖಾನೆಗಳು ಸಾಲಾಗಿ ಇವೆ. ಇವು ಕೊಪ್ಪಳ ಊರಿನ ಪೂರ್ವದ ಕಡೆ ಬರುತ್ತವೆ. ಕಬ್ಬಿಣದ ಅದಿರನ್ನು ಕಲ್ಲಿದ್ದಲು, ಡಾಲಮೈಟ್ ಜೊತೆ ಹಾಕಿ, ತಿರುಗುವ ದೊಡ್ಡ ಕುಲುಮೆಯಲ್ಲಿ ಸುಮಾರು 1000 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಬರುವ ದೂಳನ್ನು ಹಿಡಿಯುವ ಯಂತ್ರ ಸರಿಯಾಗಿ ಓಡದಿದ್ದರೆ ಅದು ಚಿಮಣಿಯಿಂದ ಹೊರಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮದಿಂದ ಬೀಸುವುದರಿಂದ ಆ ದೂಳು ಹೊಸಪೇಟೆ ದಿಕ್ಕಿಗೆ ಹೋಗುತ್ತದೆ. ಜೊತೆಗೆ ಮಳೆ ಎಲ್ಲವನ್ನೂ ತೊಳೆಯುತ್ತದೆ. ದೀಪಾವಳಿ ಹೊತ್ತಿಗೆ ಗಾಳಿ ತಿರುಗಿ ಮೂಡಗಾಳಿ ಶುರುವಾಗುತ್ತದೆ. ಆಗ ಅದೇ ದೂಳು ಕೊಪ್ಪಳದ ಕಡೆ ಬರುತ್ತದೆ. ಪೂರ್ವದ ಅಂಚಿನಲ್ಲಿರುವ ಮನೆಗಳಿಗೆ ಮೊದಲು ಬರುತ್ತದೆ.

ನಾವು ನೋಡಿದ್ದು ವರ್ಷದ ಒಳ್ಳೆಯ ನಾಲ್ಕು ತಿಂಗಳಲ್ಲಿ ಒಂದು ದಿನ. ಕರಾರು ಬರೆದದ್ದು ಹನ್ನೊಂದು ತಿಂಗಳಿಗೆ.

ಕಣ್ಣೆದುರೇ ಇದ್ದ ಗುರುತುಗಳನ್ನೂ ನಾನು ಓದಲಿಲ್ಲ. ಆ ಬೀದಿಯಲ್ಲಿ ಯಾರ ಟೆರೇಸ್ ಮೇಲೂ ಬಟ್ಟೆ ಒಣಗಿಸುವ ಹಗ್ಗ ಇರಲಿಲ್ಲ. ಎಲ್ಲರ ಹಗ್ಗವೂ ಪಡಸಾಲೆಯೊಳಗೆ. ಮಳೆಗಾಲ ಅಲ್ವಾ ಅಂದುಕೊಂಡೆ. ನಮ್ಮ ಮನೆಯ ಟೆರೇಸ್ ಆಗಷ್ಟೇ ತೊಳೆದ ಹಾಗಿತ್ತು. ಗೋಡೆಗೆ ಹೊಸ ಬಣ್ಣ ಬಳಿದಿದ್ದರು. ಪಕ್ಕದ ಮನೆಯವರ ಸೋಲಾರ್ ಗಾಜಿನ ಅಂಚಿನಲ್ಲಿ ಕಪ್ಪು ಪಟ್ಟಿ ಇದ್ದದ್ದು ನಾನು ತೆಗೆದ ಫೋಟೋದಲ್ಲೇ ಇದೆ. ಡಿಸೆಂಬರ್‌ನಲ್ಲಿ ಮತ್ತೆ ಆ ಫೋಟೋ ನೋಡಿದಾಗ ಹೊಟ್ಟೆ ತೊಳಸಿದಂತಾಯಿತು.

ಮೊದಲು ತೋರಿಸಿಕೊಟ್ಟಿದ್ದು ಬೆಳ್ಳಿ. ನವೆಂಬರ್ ಎರಡನೇ ವಾರ ಅವಳ ಹೊಟ್ಟೆಯ ಬಿಳಿ ಕೂದಲು ಬೂದಿ ಬಣ್ಣಕ್ಕೆ ತಿರುಗಿತು. ಸ್ನಾನ ಮಾಡಿಸಿದ ಮಾರನೇ ದಿನ ಮತ್ತೆ ಅದೇ. ನಾಯಿಗಳ ನೀರಿನ ಬೋಗುಣಿಯಲ್ಲಿ ಬೆಳಿಗ್ಗೆ ತೆಳ್ಳಗೆ ಕಪ್ಪು ಪೊರೆ. ಕರಿಯ ಸದಾ ಪಂಜ ನೆಕ್ಕಿಕೊಂಡು ಬೆರಳ ಸಂದಿ ಕೆಂಪಗೆ ಮಾಡಿಕೊಂಡ. ಬೆಳ್ಳಿಯ ಕಣ್ಣಲ್ಲಿ ನೀರು, ಪಿಸಿರು. ಪಶುವೈದ್ಯರು ಮುಲಾಮು ಕೊಟ್ಟು, ಹೊರಗಿಂದ ಬಂದಾಗಲೆಲ್ಲ ಒದ್ದೆ ಬಟ್ಟೆಯಿಂದ ಕಾಲು, ಹೊಟ್ಟೆ ಒರೆಸಿ ಅಂದರು. ನಾಯಿ ನೆಲದ ಹತ್ತಿರವೇ ಮೂಸುತ್ತದೆ, ಮೈ ಮೇಲೆ ಕೂತಿದ್ದನ್ನೆಲ್ಲ ನೆಕ್ಕಿ ಹೊಟ್ಟೆಗೆ ಕಳಿಸುತ್ತದೆ ಅಂತ ಅವರು ಹೇಳುವಾಗ ನಾನು ಮಗಳನ್ನು ನೋಡುತ್ತಿದ್ದೆ. ಅವಳೂ ನೆಲದ ಮೇಲೇ ಕೂತು ಆಡುತ್ತಾಳೆ. ಅವಳ ಬೆರಳೂ ಬಾಯಲ್ಲೇ ಇರುತ್ತದೆ.

ಅದು ಬರೀ ರಸ್ತೆ ಮಣ್ಣಿರಬಹುದು ಅಂತ ಗಂಡ ಸ್ವಲ್ಪ ದಿನ ವಾದ ಮಾಡಿದರು. ಮಗಳ ಆಟದ ಮೀನುಗಳಲ್ಲಿ ಒಂದು ಮ್ಯಾಗ್ನೆಟ್ ಗಾಳ ಇದೆ. ಟೆರೇಸ್ ಮೂಲೆಯಲ್ಲಿ ಗುಡಿಸಿಟ್ಟ ದೂಳಿಗೆ ಅದನ್ನು ಕಾಗದದಲ್ಲಿ ಸುತ್ತಿ ಹಿಡಿದೆ. ಕಪ್ಪು ದೂಳು ಮುಳ್ಳುಹಂದಿಯ ಮುಳ್ಳಿನ ಹಾಗೆ ನಿಮಿರಿ ಅಂಟಿಕೊಂಡಿತು. ಹೊಲದ ಎರೆಮಣ್ಣು ಹಾಗೆ ಅಂಟುವುದಿಲ್ಲ. ಆ ರಾತ್ರಿ ಇಬ್ಬರೂ ಮಾತಾಡಲಿಲ್ಲ.

ಡಿಸೆಂಬರ್‌ನಲ್ಲಿ ಮಗಳಿಗೆ ಕೆಮ್ಮು ಬಂತು, ಹೋಗಲಿಲ್ಲ. ರಾತ್ರಿ ಎದೆಯೊಳಗೆ ಸೀಟಿ ಊದಿದ ಹಾಗೆ ಸದ್ದು. ಒಂದು ನಸುಕಿನಲ್ಲಿ ಪಕ್ಕೆಲುಬಿನ ಸಂದಿ ಒಳಗೆ ಎಳೆದುಕೊಳ್ಳುವುದು ಕಂಡು ಆಸ್ಪತ್ರೆಗೆ ಓಡಿದೆವು. ಮಗುವಿನ ಉಸಿರಾಟದಲ್ಲಿ ಪಕ್ಕೆ ಒಳಸೆಳೆತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ, ಇದನ್ನು ಎಲ್ಲ ತಾಯಂದಿರಿಗೂ ಹೇಳುತ್ತೇನೆ. ನೆಬ್ಯುಲೈಸರ್ ಹಾಕಿದ ಮೇಲೆ ಮಕ್ಕಳ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನಿ ಯಾವ ಕಡೆ ಅದ?" ನಾನು ಹೇಳಿದೆ. ಅವರು ತಲೆ ಆಡಿಸಿ ಬರೆದುಕೊಂಡರು. ಉಬ್ಬಸಕ್ಕೆ ಕಾರಣ ಒಂದೇ ಇರುವುದಿಲ್ಲ, ಮನೆತನದಲ್ಲೂ ಇರಬಹುದು, ಆದರೆ ದೂಳು ಅದನ್ನು ಕೆದಕುತ್ತದೆ ಅಂತ ಬಿಡಿಸಿ ಹೇಳಿದರು. ಸಣ್ಣ ಮಕ್ಕಳು ದೊಡ್ಡವರಿಗಿಂತ ಬೇಗ ಬೇಗ ಉಸಿರಾಡುತ್ತಾರೆ. ತೂಕಕ್ಕೆ ಹೋಲಿಸಿದರೆ ಅವರ ಒಳಗೆ ನಮಗಿಂತ ಜಾಸ್ತಿ ಗಾಳಿ ಹೋಗುತ್ತದೆ.

ನಾವು ಇನ್ನೊಂದು ತಪ್ಪು ಮಾಡುತ್ತಿದ್ದೆವು. ಬೆಳಗಿನ ಗಾಳಿ ಶುದ್ಧ ಅಂತ ಐದೂವರೆಗೆ ನಾಯಿಗಳನ್ನು ಕರೆದುಕೊಂಡು, ಎದ್ದಿದ್ದರೆ ಮಗಳನ್ನೂ ಎತ್ತಿಕೊಂಡು ವಾಕಿಂಗ್ ಹೋಗುತ್ತಿದ್ದೆವು. ಚಳಿಗಾಲದಲ್ಲಿ ನೆಲ ತಣ್ಣಗಾಗಿ, ತಣ್ಣನೆ ಗಾಳಿ ಕೆಳಗೇ ನಿಂತುಬಿಡುತ್ತದೆ. ಹೊಗೆ ಮೇಲೆ ಏರುವುದಿಲ್ಲ. ಬಿಸಿಲು ಏರಿದ ಮೇಲಷ್ಟೇ ಚದುರುತ್ತದೆ. ನಾವು ಮಂಜು ಅಂದುಕೊಂಡಿದ್ದರಲ್ಲಿ ಅರ್ಧ ಹೊಗೆ. ದೇಶದ ಮಾನದಂಡದ ಪ್ರಕಾರ ಗಾಳಿಯಲ್ಲಿ ಪಿಎಂ 10 ಅನ್ನುವ ಸಣ್ಣ ದೂಳಿನ ಕಣ 24 ಗಂಟೆಯ ಸರಾಸರಿಯಲ್ಲಿ ಘನ ಮೀಟರಿಗೆ 100 ಮೈಕ್ರೋಗ್ರಾಂ ದಾಟಬಾರದು, ಇನ್ನೂ ಸಣ್ಣ ಪಿಎಂ 2.5 ಕಣ 60 ದಾಟಬಾರದು. ಅದು ಇಡೀ ದಿನದ ಸರಾಸರಿ. ಮೊಬೈಲ್‌ನಲ್ಲಿ ದಿನದ ಅಂಕಿ ನೋಡಿ ಸಮಾಧಾನ ಪಟ್ಟುಕೊಂಡರೆ ನಸುಕಿನ ಎರಡು ಗಂಟೆಯ ಹೊಗೆ ಅದರೊಳಗೆ ಮುಚ್ಚಿಹೋಗುತ್ತದೆ.

ಎದುರು ಮನೆಯ ಅಕ್ಕನನ್ನು ಒಂದು ದಿನ ಕೇಳಿಯೇ ಬಿಟ್ಟೆ, ನಾವು ಮನೆ ನೋಡಲು ಬಂದ ದಿನ ಯಾಕೆ ಏನೂ ಹೇಳಲಿಲ್ಲ ಅಂತ. "ನೀವು ಕೇಳಲಿಲ್ಲಲ್ರೀ. ಕೇಳಿದ್ರ ಹೇಳ್ತಿದ್ವಿ" ಅಂದರು. ಅವರದು ಸ್ವಂತ ಮನೆ, ಸಾಲ ಇನ್ನೂ ತೀರಿಲ್ಲ, ಬಿಟ್ಟು ಹೋಗುವ ಹಾಗಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಓನರ್ ಮತ್ತು ಬ್ರೋಕರ್ ಮೇಲೆ ಇದೆ. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತವಳಿಗೆ ಅವರು ಒಂದು ಮಾತು ಹೇಳಬಹುದಿತ್ತು.

ನೀರಿನ ಬಗ್ಗೆಯೂ ಹೇಳಬೇಕು. ಲೇಔಟ್‌ನಲ್ಲಿ ಇದ್ದದ್ದು ಬೋರ್‌ವೆಲ್ ನೀರು. ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ. ಕಾಯಂ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವುದು ಎಂಟು ವರ್ಷದೊಳಗೆ, ಆ ವಯಸ್ಸಿನಲ್ಲಿ ಜಾಸ್ತಿ ಫ್ಲೋರೈಡ್ ಹೋದರೆ ಹಲ್ಲಿನ ಮೇಲೆ ಬಿಳಿ, ಕಂದು ಕಲೆ ಉಳಿಯುತ್ತದೆ. ನಾನು ಮೊದಲ ತಿಂಗಳು ಆ ನೀರನ್ನು ಕುದಿಸಿ ಕೊಟ್ಟೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತದೆ. ಗೊತ್ತಾದ ಮೇಲೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಕುಡಿಯಲು, ಅಡುಗೆಗೆ, ನಾಯಿಗಳ ಬೋಗುಣಿಗೂ ಅದನ್ನೇ ಬಳಸಿದೆವು.

ಬೀದಿನಾಯಿಗಳ ಕಾಟವೂ ಇತ್ತು. ಲೇಔಟ್ ಬಾಯಲ್ಲಿ ಕೋಳಿ ಅಂಗಡಿ, ಅದರ ಕಸ ಖಾಲಿ ಸೈಟಿಗೆ. ರಾತ್ರಿ ಒಂಬತ್ತರ ನಂತರ ಏಳೆಂಟು ನಾಯಿಗಳ ಗುಂಪು. ಹೊಸ ನಾಯಿ ಬಂದರೆ ಅವು ಬಿಡುವುದಿಲ್ಲ, ಕರಿಯನ ಕಿವಿ ಹರಿಯಿತು. ನಾಯಿಗಳಿಗೆ ರೇಬಿಸ್ ಲಸಿಕೆ ಆಗಿತ್ತು, ಪುಣ್ಯ. ಮಗುವಿಗೆ ಗೀರು ಬಿದ್ದರೂ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಶಿನ, ಖಾರ ಏನನ್ನೂ ಹಚ್ಚಬೇಡಿ.

ಮನೆ ಬಿಡುತ್ತೇವೆ ಅಂದಾಗ ಓನರ್ ಕರಾರು ತೋರಿಸಿದರು. ಹನ್ನೊಂದು ತಿಂಗಳ ಮೊದಲು ಬಿಟ್ಟರೆ ಅಡ್ವಾನ್ಸ್‌ನಲ್ಲಿ ಕಡಿತ ಅಂತ ಇತ್ತು. ನಾವೇ ಸಹಿ ಹಾಕಿದ್ದೆವು. 22,000 ಕೈಗೆ ಬಂತು. ಉಳಿದದ್ದು ಬಣ್ಣಕ್ಕೆ, ನಾಯಿ ಗೀರಿದ ಬಾಗಿಲಿಗೆ ಅಂದರು. ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅನ್ನುವ ಸಾಲನ್ನು ಮೊದಲೇ ಬರೆಸಿಕೊಳ್ಳಿ. ಎರಡು ನಾಯಿಗೆ ಒಪ್ಪಿಗೆ ಇದೆ ಅನ್ನುವುದನ್ನೂ ಬರೆಸಿಕೊಳ್ಳಿ. ಬಾಯಿಮಾತು ಸಾಲದು.

ನಾವು ಸಾಮಾನು ಕಟ್ಟುತ್ತಿದ್ದ ಆ ಫೆಬ್ರುವರಿಯಲ್ಲೇ ಕಾರ್ಖಾನೆ ವಿಸ್ತರಣೆ ಬೇಡ ಅಂತ ಕೊಪ್ಪಳ ಬಂದ್ ಆಯಿತು. ಗವಿಮಠದ ಸ್ವಾಮೀಜಿಯವರೂ ಜನರ ಜೊತೆ ನಿಂತರು. ಅಷ್ಟು ಜನರನ್ನು ಬೀದಿಯಲ್ಲಿ ನೋಡಿ ಕಣ್ಣು ತುಂಬಿತು. ನಾವು ಬಾಡಿಗೆಯವರು, ಬಿಟ್ಟು ಹೋದೆವು. ಗಿಣಿಗೇರಾ ಸುತ್ತಿನ ಹಳ್ಳಿಗಳಲ್ಲಿ ಹೊಲ, ಮನೆ ಇರುವವರು ಎಲ್ಲಿಗೆ ಹೋಗಬೇಕು?

ಎರಡನೇ ಮನೆಯನ್ನು ಊರಿನ ಪಶ್ಚಿಮಕ್ಕೆ, ಗದಗ ರಸ್ತೆಯ ಕಡೆ ಹುಡುಕಿದೆವು. ಈ ಸಲ ನಾನು ಬ್ರೋಕರ್ ಜೊತೆ ಹೋಗಲಿಲ್ಲ. ಒಬ್ಬಳೇ ಬೆಳಿಗ್ಗೆ ಆರಕ್ಕೆ ಹೋದೆ. ಮೊದಲು ಅಂಗನವಾಡಿ ಟೀಚರ್ ಹತ್ತಿರ ಮಾತಾಡಿದೆ, ಎಷ್ಟು ಮಕ್ಕಳಿಗೆ ಕೆಮ್ಮು ಇರುತ್ತದೆ ಅಂತ ಕೇಳಿದೆ. ಹಗ್ಗಗಳು ಟೆರೇಸ್ ಮೇಲೆ ಇವೆಯಾ ನೋಡಿದೆ. ಬೇವಿನ ಎಲೆಯ ಮೇಲೆ ಬೆರಳು ಎಳೆದೆ. ಮನೆಯ ಟೆರೇಸ್‌ಗಿಂತ ನೀರಿನ ಟ್ಯಾಂಕಿನ ಮುಚ್ಚಳ ನಿಜ ಹೇಳುತ್ತದೆ, ಅದನ್ನು ಯಾರೂ ತೊಳೆದಿರುವುದಿಲ್ಲ. ಒದ್ದೆ ಬಿಳಿ ಬಟ್ಟೆಯಲ್ಲಿ ಒರೆಸಿದೆ. ಕೆಂಪು ಮಣ್ಣು ಬಂತು, ಕಪ್ಪು ಬರಲಿಲ್ಲ. ಮ್ಯಾಗ್ನೆಟ್ ಹಿಡಿದೆ, ನಾಲ್ಕೈದು ಕಣ ಅಂಟಿದವು. ಪೂರ್ತಿ ಸ್ವಚ್ಛ ಅನ್ನುವ ಜಾಗ ಸಿಗಲಿಲ್ಲ. ಈ ಮನೆ ಚಿಕ್ಕದು, ಕಾಂಪೌಂಡ್ ಇಲ್ಲ, ಬಾಡಿಗೆ 2,000 ಜಾಸ್ತಿ. ಎರಡು ನಾಯಿಗೂ ಒಪ್ಪಿಸಲು ಓನರ್ ಅಜ್ಜಿಯ ಮನೆಗೆ ಬೆಳ್ಳಿಯನ್ನು ಕರೆದುಕೊಂಡು ಮೂರು ಸಲ ಹೋಗಬೇಕಾಯಿತು.

ನೀವು ಬರುವವರಿದ್ದರೆ ಜನವರಿಯಲ್ಲಿ ಬನ್ನಿ. ಗವಿಮಠದ ಅಜ್ಜನ ಜಾತ್ರೆ ಇರುತ್ತದೆ, ಊಟ ಮಾಡಿ, ಒಂದು ರಾತ್ರಿ ಉಳಿಯಿರಿ. ಅದು ಸರಿಯಾಗಿ ಮೂಡಗಾಳಿಯ ಕಾಲ. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಎದ್ದು, ನೀವು ಮನೆ ಮಾಡಬೇಕೆಂದಿರುವ ಬೀದಿಯಲ್ಲಿ ಹತ್ತು ನಿಮಿಷ ನಡೆದು ನೋಡಿ.