ನೆಲಕ್ಕೆ ಪಾಲಿಶ್ ಕಾಂಕ್ರೀಟಾ, ಟೈಲ್ಸಾ, ರೆಡ್ ಆಕ್ಸೈಡಾ?

ಅಂಗಡಿ, ಗೋದಾಮು, ಕೆಫೆ ಆದರೆ ನನ್ನ ಓಟು ಪಾಲಿಶ್ ಕಾಂಕ್ರೀಟಿಗೆ. ಟ್ರಾಲಿ ಎಳೆದರೂ, ಡಬ್ಬ ಬಿದ್ದರೂ ಟೈಲ್ಸ್ ಹಾಗೆ ಒಡೆದು ಏಳುವುದಿಲ್ಲ. ಸಂದಿನಲ್ಲಿ ಕೊಳೆ ಕೂರುವ ರಗಳೆಯೂ ಕಮ್ಮಿ. ಇದು ಮೇಲೆ ಬಳಿಯುವ ಬಣ್ಣವಲ್ಲ. ಹಾಕಿದ ಕಾಂಕ್ರೀಟನ್ನೇ ಸುಮಾರು 28 ದಿನ ಗಟ್ಟಿಯಾಗಲು ಬಿಟ್ಟು, ವಜ್ರದ ಹರಳಿರುವ ಪ್ಯಾಡುಗಳಿಂದ ಉಜ್ಜುತ್ತಾರೆ. ಮೊದಲು 40ರಂಥ ಒರಟು ಗ್ರಿಟ್ (ಹರಳಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನಯ), ಕೊನೆಗೆ 1500, ಬೇಕಾದರೆ 3000. ನಡುವೆ ಹಾಕುವ ಡೆನ್ಸಿಫೈಯರ್ ದ್ರಾವಣ ಸಣ್ಣ ರಂಧ್ರಗಳನ್ನು ತುಂಬಿ ಮೇಲ್ಮೈ ಗಟ್ಟಿ ಮಾಡುತ್ತದೆ.

ಅಡುಗೆಮನೆಗೆ ಮಾತ್ರ ಬೇಡ ಅಂತೀನಿ. ನಿಂಬೆಹಣ್ಣು ಹಿಂಡುವಾಗ ನಾಲ್ಕು ಹನಿ ಬಿದ್ದು, ಒರೆಸೋದು ಮರೆತರೆ ಸಾಕು, ಹೊಳಪು ಹೋಗಿ ಮಂಕು ಚುಕ್ಕೆ ಉಳಿಯುತ್ತದೆ. ಹುಣಸೆರಸವೂ ಅಷ್ಟೇ, ಹುಳಿ ಸಿಮೆಂಟನ್ನು ತಿನ್ನುತ್ತದೆ. ಅಲ್ಲಿಗೆ ವಿಟ್ರಿಫೈಡ್ ಟೈಲ್ಸೇ (ಹೆಚ್ಚು ಶಾಖದಲ್ಲಿ ಸುಟ್ಟು ಗಾಜಿನಂತೆ ಬಿಗಿಯಾದ ಟೈಲ್ಸ್) ಸರಿ. ಅದು ನೀರು ಹೀರುವುದು ಶೇ. 0.5ರೊಳಗೆ.

ಅಜ್ಜಿ ಮನೆಯ ರೆಡ್ ಆಕ್ಸೈಡ್, ಅಂದರೆ ಕೆಂಪು ಬಣ್ಣ ಬೆರೆಸಿದ ಸಿಮೆಂಟಿನ ನೆಲ? ಬರಿಗಾಲಿಗೆ ಅದರಷ್ಟು ಹಿತ ಇನ್ನೊಂದಿಲ್ಲ, ಅಲ್ವಾ. ಆದರೆ ಅದು ಪೂರ್ತಿ ಕರಣೆ ಹಿಡಿದ ಕೈಯ ಕೆಲಸ. ಪಳಗಿದ ಗಾರೆಯವರು ಸಿಕ್ಕರೆ ಮಾತ್ರ ಮಾಡಿಸಿ. ಬಿರುಕು ಬಿಟ್ಟರೆ ತೇಪೆಯ ಬಣ್ಣ ಹೊಂದುವುದು ಕಷ್ಟ. ಬಿರುಕು ಕಾಂಕ್ರೀಟಿಗೂ ಬರುತ್ತದೆ. ಅದನ್ನು ನೋಡಿ ನಿದ್ದೆ ಕೆಡಿಸಿಕೊಳ್ಳುವವರು ಸುಮ್ನೆ ಟೈಲ್ಸ್ ಹಾಕಿಸಿ.