ಜೆಸಿಬಿ ಬರೋ ಮನೆಗೂ ಪೇಂಟಿಂಗ್ ಚಾರ್ಜ್! ಡೆಪಾಸಿಟ್ ವಾಪಸ್‌ಗೆ ಲಾಯರ್ ನೋಟಿಸ್ ಕೊಡಿಸಿದ ರಿವ್ಯೂ

ರೇಟಿಂಗ್: 5ಕ್ಕೆ 3.5

ವಿಜಯನಗರದ ಕಡೆ ಒಂದು ಚಿಕ್ಕ ಲಾಯರ್ ಆಫೀಸು, ಹೆಸರು ಬೇಡ ಬಿಡಿ. ಬಾಡಿಗೆ ಡೆಪಾಸಿಟ್ ವಾಪಸ್ ಕೊಡದೆ ಸತಾಯಿಸೋ ಓನರ್‌ಗಳಿಗೆ ನೋಟಿಸ್ ಕಳಿಸ್ತಾರೆ, ಫೀಸು 3,000, ಪೋಸ್ಟ್ ಖರ್ಚು ಬೇರೆ. ಕೆಲಸ ಆಯ್ತಾ ಅಂದ್ರೆ ಆಯ್ತು. ಆದ್ರೂ ಪೂರ್ತಿ ಮಾರ್ಕ್ಸ್ ಕೊಡೋಕಾಗಲ್ಲ.

ನಮ್ದು ಮಾಮೂಲಿ ಬೆಂಗಳೂರು ಕಥೆ. ಬಾಡಿಗೆ 16,000, ಡೆಪಾಸಿಟ್ 10 ತಿಂಗಳದ್ದು, ಅಂದ್ರೆ 1.6 ಲಕ್ಷ. ಹಳೇ ಮನೆ ಒಡೆದು ಹೊಸದಾಗಿ ಕಟ್ಟಿಸ್ತೀವಿ ಖಾಲಿ ಮಾಡಿ ಅಂತ ಓನರ್ರೇ ಹೇಳಿದ್ದು, ನಾವೂ ತಕರಾರು ಮಾಡದೆ ಮಾಡಿದ್ವಿ. ಕೀ ಕೊಟ್ಟಾಗ 80,000 ಹಾಕಿದ್ರು. ಮಿಕ್ಕಿದ್ದು ಕೇಳಿದ್ರೆ "ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡ್ಕೋತೀವಮ್ಮ, ಸಿಂಕು, ಬಾತ್‌ರೂಮ್ ಬಾಗಿಲು ಅಂತ ಇನ್ನೊಂದು 12,000, ಉಳಿದಿದ್ದು ಲೋನ್ ಆದ್ಮೇಲೆ ನೋಡೋಣ" ಅಂದ್ರು. ಅಲ್ಲ ಅಂಕಲ್, ಒಡೆಯೋ ಗೋಡೆಗೆ ಯಾವ ಬಣ್ಣ ಹೊಡಿಸ್ತೀರಾ ಅಂದ್ರೆ "ಅಗ್ರಿಮೆಂಟಲ್ಲಿ ಇದೆಯಲ್ಲಮ್ಮ" ಅಂತ ಫೋನಿಟ್ರು. ಪೊಲೀಸ್ ಸ್ಟೇಷನ್ನಲ್ಲಿ ಇದು ಸಿವಿಲ್ ಮ್ಯಾಟರ್ ಅಂದ್ಬಿಟ್ರು.

ಲಾಯರ್ ಮೇಡಂ ಮಾತ್ರ ಸೂಪರ್. ಅಗ್ರಿಮೆಂಟ್ ಪೂರ್ತಿ ಓದಿದ್ರು, ಸುಮ್ನೆ ಆಸೆ ಹುಟ್ಟಿಸಲಿಲ್ಲ. 2 ತಿಂಗಳಿಗಿಂತ ಜಾಸ್ತಿ ಡೆಪಾಸಿಟ್ ತಗೊಳ್ಳೋ ಹಂಗಿಲ್ಲ ಅಂತ ಎಲ್ರೂ ಹೇಳ್ತಾರಲ್ಲ, ಅದು 2021ರಲ್ಲಿ ಕೇಂದ್ರ ಮಾಡಿದ ಮಾದರಿ ಕಾನೂನು, ರಾಜ್ಯ ಅದನ್ನ ತಗೊಂಡು ಜಾರಿ ಮಾಡಿದ್ರೆ ಮಾತ್ರ ಲಾಗೂ ಅಂದ್ರು. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500ಕ್ಕಿಂತ ಜಾಸ್ತಿ ಬಾಡಿಗೆ ಇರೋ ಮನೆಗೆ ಬರೋದೇ ಇಲ್ವಂತೆ, ಈಗ ಆ ರೇಟಿಗೆ ಕಾರ್ ಪಾರ್ಕಿಂಗ್ ಜಾಗ ಸಿಕ್ಕಿದ್ರೆ ಪುಣ್ಯ. ಹಾಗಾಗಿ ನಮ್ಮಂಥೋರಿಗೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತೆ ಅಗ್ರಿಮೆಂಟೇ ಗತಿ. ಆ ಕಾಯ್ದೇಲಿ ಬಳಸ್ತಾ ಬಳಸ್ತಾ ಸವೆದಿದ್ದಕ್ಕೆ ಬಾಡಿಗೆದಾರರು ಜವಾಬ್ದಾರರಲ್ಲ ಅಂತ ಇದೆ, ಸಿಂಕು ಬಾಗಿಲು ಅಲ್ಲಿಗೆ ಮುಗೀತು. ಪೇಂಟಿಂಗ್ ನಮ್ಮ ವೀಕ್ ಪಾಯಿಂಟ್, ಅಗ್ರಿಮೆಂಟಲ್ಲೇ ಬರೆದಿತ್ತು. ಆದ್ರೆ ಮನೆ ಒಡೆಸ್ತೀವಿ ಅಂತ ಓನರ್ ಕಳಿಸಿದ್ದ ವಾಟ್ಸಾಪ್ ಮೆಸೇಜ್ ನನ್ನ ಹತ್ರ ಇತ್ತು, ಮೇಡಂ ಅದನ್ನ ನೋಡಿ ನಕ್ಕು "ಇದೊಂದು ಸಾಕು" ಅಂದ್ರು. ಮಾಡಿಸದೇ ಇರೋ ಪೇಂಟಿಂಗಿಗೆ ದುಡ್ಡು ಹಿಡಿಯೋದು ಹೇಗೆ, ಬಿಲ್ ತೋರಿಸಿ ಅಂತ ನೋಟಿಸಲ್ಲಿ ಹಾಕಿದ್ರು.

ಬೇಜಾರಾಗಿದ್ದು ಆಫೀಸಿನ ಹುಡುಗನ ವಿಷಯಕ್ಕೆ. ಮೊದಲ ಡ್ರಾಫ್ಟಲ್ಲಿ ಬೇರೆ ಯಾರದ್ದೋ ವಿಳಾಸ, ಬೇರೆ ಯಾರದ್ದೋ ಅಮೌಂಟು, ಕಾಪಿ ಪೇಸ್ಟ್ ಅಂತ ನೋಡಿದ್ರೇ ಗೊತ್ತಾಗುತ್ತೆ. ಅದೂ ಇಂಗ್ಲಿಷಲ್ಲಿ. ಓನರ್ ಅಂಕಲ್ ದಿನಾ ಕನ್ನಡ ಪೇಪರ್ ಓದೋರು, ಕನ್ನಡದಲ್ಲೇ ಮಾಡಿಕೊಡಿ ಅಂದ್ರೆ "ಟೈಪಿಂಗ್ ಎಕ್ಸ್‌ಟ್ರಾ ಆಗುತ್ತೆ" ಅಂತಾನೆ, ಮೇಡಂ ಗದರಿದ ಮೇಲೆ ಸುಮ್ನಾದ. ಪೋಸ್ಟ್ ಮಾಡಿದ ರಸೀದಿ ಕೇಳೋಕೂ ಹಿಂದೆ ಬೀಳಬೇಕು, ಫೋನ್ ಎತ್ತಲ್ಲ. ರಸೀದಿ ಮಾತ್ರ ಬಿಡದೇ ಇಸ್ಕೊಳ್ಳಿ, ಟ್ರ್ಯಾಕಿಂಗ್ ನಂಬರ್ ಅದ್ರಲ್ಲೇ ಇರೋದು.

ನೋಟಿಸ್ ತಲುಪಿದ ಮೇಲೆ ಅಂಕಲ್ ಫೋನು, "ಏನಮ್ಮ, ನಾವೇನು ಓಡಿ ಹೋಗ್ತಿದ್ವಾ, ಲಾಯರ್ ತನಕ ಹೋಗ್ಬಿಟ್ರಿ?" ಕೊನೇ ತಿಂಗಳ ಕರೆಂಟ್ ಬಿಲ್ 1,900 ಕಳೆದು ನಮಗೆ ಬರಬೇಕಿದ್ದಿದ್ದು 78,100. ಚೌಕಾಸಿ ಮಾಡಿ 75,000 ಹಾಕಿದ್ರು. ಮಿಕ್ಕ ಮೂರು ಸಾವಿರಕ್ಕೆ ಕೋರ್ಟ್ ಮೆಟ್ಟಿಲು ಹತ್ತೋಕೆ ನನಗೆ ಪುರುಸೊತ್ತಿಲ್ಲ, ನೀವು ಹತ್ತೋದಾದ್ರೆ ಹಣ ವಸೂಲಿ ದಾವೆಗೆ 3 ವರ್ಷ ಟೈಮಿದೆ.

ಹೋಗೋರು ಸಂಜೆ ಹೋಗಿ, ಬೆಳಗ್ಗೆ ಮೇಡಂ ಕೋರ್ಟಲ್ಲಿರ್ತಾರೆ, ಆ ಹುಡುಗನ ಕೈಗೆ ಸಿಕ್ಕಿಹಾಕೊಳ್ತೀರಾ. ಅಗ್ರಿಮೆಂಟು, ಡೆಪಾಸಿಟ್ ಕೊಟ್ಟಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟು, ಖಾಲಿ ಮಾಡುವಾಗ ತೆಗೆದ ಮನೆ ಫೋಟೋ ಎಲ್ಲ ಜೆರಾಕ್ಸ್ ಮಾಡಿಸ್ಕೊಂಡೇ ಹೋಗಿ, ಅಲ್ಲಿ ಮಷೀನ್ ಕೆಟ್ಟಿದೆ.