ಅಮೆರಿಕದಲ್ಲಿ ಕಾರು ಸಾಗಣೆ: ಮನೆಯವರ ಕಾರು, ಡೀಲರ್ ಕಾರು, ಹರಾಜಿನ ಕಾರು – ಹೊಸಬರಿಗೆ ಯಾವುದು?

ಪಿಕಪ್ ಟ್ರಕ್ಕಿನ ಹಿಂದೆ ಮೂರು ಕಾರು ಹಿಡಿಸುವ ವೆಡ್ಜ್ ಟ್ರೇಲರ್ ಕಟ್ಟಿಕೊಂಡು ಡಲ್ಲಾಸ್‌ನಿಂದ ಓಡಿಸುತ್ತೇನೆ. ಈ ಕೆಲಸಕ್ಕೆ ಇಳಿಯಬೇಕು ಅಂತ ಫೋನ್ ಮಾಡುವ ನಮ್ಮವರು ಮೊದಲು ಕೇಳುವುದು, "ಮೈಲಿಗೆ ಎಷ್ಟು ಸಿಗುತ್ತೆ?" ಬ್ರೋಕರ್ ಮೂಲಕ ಲೋಡ್ ಹಿಡಿಯುವಾಗ ಅದಕ್ಕಿಂತ ಮುಖ್ಯವಾದ ಪ್ರಶ್ನೆಗಳು ಎರಡಿವೆ. ಹಣ ಯಾವಾಗ ಕೈಗೆ ಬರುತ್ತೆ? ಅದನ್ನು ದುಡಿಯಲು ಎಷ್ಟು ದಿನ ಬೇಕು? ಮೂರು ಬಗೆಯ ಲೋಡನ್ನೂ ನಾನು ಓಡಿಸಿ ನೋಡಿದ್ದೇನೆ. ಈ ಎರಡು ಪ್ರಶ್ನೆ ಇಟ್ಟುಕೊಂಡೇ ಹೋಲಿಸುತ್ತೇನೆ.

ಅದಕ್ಕೂ ಮೊದಲು ಒಂದು ಮಾತು. ಎಚ್‌-1ಬಿ ವೀಸಾದಲ್ಲಿ ಇರುವವರು ಇದನ್ನು ಸೈಡ್ ಬಿಸಿನೆಸ್ ಅಂತ ತಾವೇ ಓಡಿಸುವ ಹಾಗಿಲ್ಲ. ಗ್ರೀನ್ ಕಾರ್ಡ್ ಬಂದಮೇಲೆ ಯೋಚಿಸಿ.

ಮನೆಯವರ ಕಾರು

ಕೆಲಸ ಬದಲಾಯಿಸಿ ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ ಬರುವ ಐಟಿ ಹುಡುಗರು ಕಾರು ಕಳಿಸುತ್ತಾರಲ್ಲ, ಅದು ಈ ಗುಂಪು. ಅವರು ಆನ್‌ಲೈನ್‌ನಲ್ಲಿ ಫೋನ್ ನಂಬರ್ ಹಾಕಿದ ಕೂಡಲೇ ಬ್ರೋಕರ್‌ಗಳ ಕರೆ ಸುರಿಯುತ್ತವೆ. ಉದಾಹರಣೆಗೆ, ಒಬ್ಬ ಬ್ರೋಕರ್ 1,200 ಡಾಲರ್ ಹೇಳುತ್ತಾನೆ. ಅದರಲ್ಲಿ 200 ಕಾರ್ಡಿನಿಂದ ಹಿಡಿದುಕೊಂಡು, ಉಳಿದ 1,000 ಡ್ರೈವರ್ ಕೈಗೆ ಕೊಡಿ ಅನ್ನುತ್ತಾನೆ. ಲೋಡ್ ಬೋರ್ಡಿನಲ್ಲಿ, ಅಂದರೆ ಬ್ರೋಕರ್‌ಗಳು ಲೋಡ್‌ಗಳ ಪಟ್ಟಿ ಹಾಕುವ ಆನ್‌ಲೈನ್ ತಾಣದಲ್ಲಿ, ನಮಗೆ ಕಾಣುವುದು ಆ 1,000. ಇದಕ್ಕೆ ಸಿಒಡಿ ಅನ್ನುತ್ತಾರೆ. ಕಾರು ತಲುಪಿಸಿದ ಜಾಗದಲ್ಲೇ ನಗದು ಅಥವಾ ಬ್ಯಾಂಕಿನ ಕ್ಯಾಷಿಯರ್ಸ್ ಚೆಕ್. ಕೆಲವೊಮ್ಮೆ ಸಿಒಡಿ ಮೊತ್ತ ನಮ್ಮ ಬಾಡಿಗೆಗಿಂತ ಜಾಸ್ತಿ ಇರುತ್ತೆ. ಮಿಕ್ಕಿದ್ದನ್ನು ನಾವೇ ಬ್ರೋಕರ್‌ಗೆ ಕಳಿಸಬೇಕು. ಆ ಸಾಲನ್ನು ಓದಿಯೇ ಒಪ್ಪಿ.

ಹೊಸಬರಿಗೆ ಇದರ ಲಾಭ ದೊಡ್ಡದು. ಅವತ್ತಿನ ಡೀಸೆಲ್ಲು ಅವತ್ತೇ ಹುಟ್ಟುತ್ತದೆ. ಕಷ್ಟ ಅಂದರೆ ಸಮಯ. ಅಪಾರ್ಟ್‌ಮೆಂಟ್ ಒಳಗೆ ಟ್ರೇಲರ್ ತಿರುಗುವುದಿಲ್ಲ, ಹತ್ತಿರದ ವಾಲ್‌ಮಾರ್ಟ್ ಪಾರ್ಕಿಂಗ್‌ಗೆ ಬನ್ನಿ ಅನ್ನಬೇಕು. ಅವರು ಆಫೀಸು ಮುಗಿಸಿ ಆರು ಗಂಟೆಗೆ ಬರುತ್ತಾರೆ. ಡಿಕ್ಕಿ ತುಂಬ ಪಾತ್ರೆ, ಬಟ್ಟೆ, ಕುಕ್ಕರ್ ತುಂಬಿರುತ್ತಾರೆ. ಆ ಸಾಮಾನಿಗೆ ನಮ್ಮ ಕಾರ್ಗೋ ಇನ್ಶೂರೆನ್ಸ್ ಅನ್ವಯಿಸುವುದಿಲ್ಲ, ಅದನ್ನು ಬಾಯಿಬಿಟ್ಟು ಹೇಳಿಬಿಡಿ. ಇನ್ನು ಬ್ರೋಕರ್ ಗಿರಾಕಿಗೆ "ಸೋಮವಾರ ಗ್ಯಾರಂಟಿ" ಅಂದಿರುತ್ತಾನೆ, ನಮಗೆ "ಈ ವಾರದಲ್ಲಿ ಯಾವಾಗಲಾದರೂ" ಅನ್ನುತ್ತಾನೆ. ಅದಕ್ಕೇ ಲೋಡ್ ಒಪ್ಪಿದ ತಕ್ಷಣ ನಾನೇ ಗಿರಾಕಿಗೆ ಫೋನ್ ಮಾಡಿ ದಿನ, ಜಾಗ, ಹಣ ಮೂರನ್ನೂ ಖಚಿತ ಮಾಡಿಕೊಳ್ಳುತ್ತೇನೆ.

ಡೀಲರ್ ಕಾರು

ಮ್ಯಾನ್‌ಹೈಮ್‌ನಂಥ ಡೀಲರ್ ಹರಾಜಿನಿಂದ ಷೋರೂಮಿಗೆ, ಅಥವಾ ಒಬ್ಬ ಡೀಲರ್‌ನಿಂದ ಇನ್ನೊಬ್ಬನಿಗೆ ಹೋಗುವ ಕಾರುಗಳು ಇವು. ಕಾರು ಓಡುತ್ತೆ, ಕೀ ಸಿದ್ಧ ಇರುತ್ತೆ, ಮೂರೂ ಒಂದೇ ಅಂಗಳದಲ್ಲಿ ಸಿಗುತ್ತವೆ. ಹಣ ಮಾತ್ರ ತಡ. 5 ದಿನ, 15 ದಿನ, 30 ದಿನ. ಬೇಗ ಬೇಕಾದರೆ ಕ್ವಿಕ್ ಪೇ ಅಂತ ನೂರಕ್ಕೆ ಮೂರೋ ಐದೋ ಮುರಿದುಕೊಳ್ಳುತ್ತಾರೆ.

ಲೆಕ್ಕ ಹಾಕಿ ನೋಡೋಣ. ಡಲ್ಲಾಸ್‌ನಿಂದ ಅಟ್ಲಾಂಟಾಗೆ ಐ-20 ಹೆದ್ದಾರಿಯಲ್ಲಿ ಸುಮಾರು 780 ಮೈಲಿ. ಮನೆಯವರ ಮೂರು ಕಾರಿಗೆ ತಲಾ 650 ಅಂದುಕೊಳ್ಳಿ, ಒಟ್ಟು 1,950 ಡಾಲರ್. ಡೀಲರ್ ಕಾರಿಗೆ ತಲಾ 550, ಒಟ್ಟು 1,650. ಕಾಗದದ ಮೇಲೆ ಮೊದಲನೆಯದು ಗೆದ್ದಿತು, ಅಲ್ವಾ? ಆದರೆ ಮನೆಯವರ ಕಾರುಗಳಲ್ಲಿ ಒಂದು ಫ್ರಿಸ್ಕೋದಲ್ಲಿ, ಒಂದು ಆರ್ಲಿಂಗ್ಟನ್‌ನಲ್ಲಿ, ಇನ್ನೊಂದು ಫೋರ್ಟ್ ವರ್ತ್‌ನಲ್ಲಿ. ಏರಿಸಿಕೊಳ್ಳುವುದಕ್ಕೇ ಒಂದು ದಿನ ಬೇಕು. ಇಳಿಸುವುದೂ ಮೂರು ಕಡೆ. ದಿನಕ್ಕೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಕಾನೂನು. ಹಾಗಾಗಿ ಅದು ಮೂರು ದಿನದ ಕೆಲಸ. ಡೀಲರ್ ಲೋಡ್ ಬೆಳಿಗ್ಗೆ ಏರಿಸಿದರೆ ಮಾರನೆಯ ದಿನ ಇಳಿಯುತ್ತದೆ, ಎರಡೇ ದಿನ. ದಿನಕ್ಕೆ 650 ಎಲ್ಲಿ, 825 ಎಲ್ಲಿ!

ಆದರೆ ಆ 825 ಬರುವುದು ತಿಂಗಳ ಮೇಲೆ. ಹೊಸದಾಗಿ ಅಥಾರಿಟಿ (ಸಾಗಣೆಯ ಸರ್ಕಾರಿ ಪರವಾನಗಿ) ಪಡೆದವರಿಗೆ ಇನ್ಶೂರೆನ್ಸ್ ಕಂತು ದುಬಾರಿ, ಡೀಸೆಲ್ಲು ದಿನಾ ಬೇಕು. ನಾಲ್ಕೈದು ವಾರದ ಖರ್ಚು ಬ್ಯಾಂಕಿನಲ್ಲಿ ಇಲ್ಲದಿದ್ದರೆ ಈ ಒಳ್ಳೆಯ ಲೋಡೇ ನಿಮ್ಮನ್ನು ಮುಳುಗಿಸುತ್ತದೆ. ನನ್ನ ಸಲಹೆ ಇಷ್ಟು: ಮೊದಲ ಮೂರು ತಿಂಗಳು ಸಿಒಡಿ ಜಾಸ್ತಿ ಹಿಡಿಯಿರಿ, ಕೈಯಲ್ಲಿ ದುಡ್ಡು ನಿಂತ ಮೇಲೆ ಡೀಲರ್ ಕಡೆ ಸರಿಯಿರಿ. ನಾನು ಈಗ ಸಾಮಾನ್ಯವಾಗಿ ಎರಡು ಡೀಲರ್ ಕಾರು, ಒಂದು ಮನೆಯವರ ಕಾರು ಏರಿಸುತ್ತೇನೆ. ಆ ಒಂದರ ನಗದು ದಾರಿಯ ಖರ್ಚಿಗೆ ಆಗುತ್ತದೆ.

ಲೋಡಿನ ವಿವರದಲ್ಲಿ ಒಂದು ಸಣ್ಣ ಸಾಲು ಇರುತ್ತದೆ, ದಿನಗಳ ಎಣಿಕೆ ಯಾವಾಗ ಶುರು ಅಂತ. ಕಾರು ಇಳಿಸಿದ ದಿನದಿಂದಲೋ, ಸಹಿಯಾದ ಬಿಲ್ ಆಫ್ ಲೇಡಿಂಗ್ (ಕಾರು ಏರಿಸಿ ಇಳಿಸಿದ್ದಕ್ಕೆ ದಾಖಲೆಯ ಕಾಗದ) ಅವರ ಕೈ ಸೇರಿದ ದಿನದಿಂದಲೋ? ಎರಡನೆಯದಾದರೆ ನೀವು ಕಾಗದ ಕಳಿಸದೆ ಸುಮ್ನೆ ಇಟ್ಟುಕೊಂಡ ಒಂದೊಂದು ದಿನವೂ ನಿಮ್ಮ ಹಣ ಒಂದೊಂದು ದಿನ ಮುಂದೆ ಹೋಗುತ್ತದೆ. ಇಳಿಸಿದ ಅಂಗಳದಿಂದಲೇ ಕಳಿಸಿಬಿಡಿ.

ಹಣ ಬರದೇ ಹೋದರೆ? ಪರವಾನಗಿ ಇರುವ ಪ್ರತಿ ಬ್ರೋಕರ್ 75,000 ಡಾಲರ್‌ನ ಬಾಂಡ್ ಅಥವಾ ಟ್ರಸ್ಟ್ ಭದ್ರತೆಯಾಗಿ ಇಟ್ಟಿರಲೇಬೇಕು. ಒಬ್ಬ ಬ್ರೋಕರ್ ತಿಂಗಳುಗಟ್ಟಲೆ ಸತಾಯಿಸಿದಾಗ ನಾನು ಡಿಸ್ಪ್ಯಾಚ್ ಶೀಟು (ಬ್ರೋಕರ್ ಲೋಡ್ ಕೊಟ್ಟಾಗಿನ ಒಪ್ಪಂದದ ಕಾಗದ), ಸಹಿ ಹಾಕಿದ ಬಿಲ್ಲು ಎರಡನ್ನೂ ಬಾಂಡ್ ಕಂಪನಿಗೆ ಕಳಿಸಿದೆ, ಹಣ ಬಂತು. ಆದರೆ ಆ 75,000 ನಿಮ್ಮೊಬ್ಬರಿಗೇ ಅಲ್ಲ. ಬ್ರೋಕರ್ ಮುಳುಗಿದರೆ ಬಾಕಿ ಇರುವ ಎಲ್ಲ ಡ್ರೈವರ್‌ಗಳೂ ಅದನ್ನೇ ಹಂಚಿಕೊಳ್ಳಬೇಕು. ಅದಕ್ಕೇ ಹೊಸ ಬ್ರೋಕರ್‌ಗೆ ಮೊದಲ ಸಲವೇ ಮೂರೂ ಕಾರು 30 ದಿನದ ಸಾಲಕ್ಕೆ ಕೊಡಬೇಡಿ.

ಹರಾಜಿನ ಅಪಘಾತದ ಕಾರು

ಕೋಪಾರ್ಟ್, ಐಎಎ ಅಂಗಳಗಳಿಂದ ಬರುವ ಕಾರುಗಳು. ಬಾಡಿಗೆ ಚೆನ್ನಾಗಿ ಕಾಣುತ್ತದೆ. ಆದರೆ ಕೀ ಇರುವುದಿಲ್ಲ, ಟೈರು ಚಪ್ಪಟೆ, ಸ್ಟೇರಿಂಗ್ ಲಾಕ್. ಅಂಗಳದಲ್ಲಿ ಅವರ ಲೋಡರ್ ಎತ್ತಿ ಇಡುತ್ತದೆ, ಇಳಿಸುವ ಕಡೆ ಎತ್ತುವವರು ಯಾರು? ಇದನ್ನು ಕೇಳದೆ ಒಪ್ಪಬೇಡಿ. ಕಾರನ್ನು ಎಳೆದು ಏರಿಸುವ ವಿಂಚ್ ಇಲ್ಲದಿದ್ದರೆ ಈ ಲೋಡಿನ ತಂಟೆಯೇ ಬೇಡ. ಇನ್ನೊಂದು, ಸ್ಟೋರೇಜ್. ಬಿಟ್ಟಿ ದಿನಗಳು ಮುಗಿದ ಮೇಲೆ ಕಾರು ನಿಲ್ಲಿಸಿದ್ದಕ್ಕೆ ಅಂಗಳದ ಬಾಡಿಗೆ ದಿನದಿನವೂ ಏರುತ್ತದೆ. ಅದನ್ನು ಕಟ್ಟದಿದ್ದರೆ ಗೇಟಿನಲ್ಲಿ ಕಾರು ಬಿಡುವುದಿಲ್ಲ. "ಯಾವ ದಿನದವರೆಗೆ ಕಟ್ಟಿದ್ದೀರಿ, ಸುಮ್ಮನೆ ವಾಪಸ್ ಬಂದರೆ ಡ್ರೈ ರನ್ ಎಷ್ಟು ಕೊಡುತ್ತೀರಿ" ಅಂತ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ಹೊಸಬರಿಗೆ ನಾನು ಈ ಬಗೆಯನ್ನು ಹೇಳುವುದೇ ಇಲ್ಲ.

ತೂಕ

ಸಿಡಿಎಲ್ (ದೊಡ್ಡ ವಾಹನ ಓಡಿಸುವ ಕಮರ್ಷಿಯಲ್ ಲೈಸೆನ್ಸ್) ಇಲ್ಲದೆ ಓಡಿಸುವವರಿಗೆ ಒಟ್ಟು ಮಿತಿ 26,000 ಪೌಂಡು. ಟ್ರಕ್ಕು, ಖಾಲಿ ಟ್ರೇಲರ್ ಎರಡೂ ಸೇರಿ ಸುಮಾರು 14,000 ಆದರೆ ಮೂರು ಕಾರಿಗೆ ಉಳಿಯುವುದು 12,000. ಹೋಂಡಾ ಸಿವಿಕ್ 2,900 ಆಸುಪಾಸು, ಷೆವರ್ಲೆ ಟಾಹೋ 5,500 ದಾಟುತ್ತದೆ, ರಿವಿಯನ್ ಎಲೆಕ್ಟ್ರಿಕ್ ಪಿಕಪ್ 7,000ದ ಹತ್ತಿರ. ಬ್ರೋಕರ್ "ಎಸ್‌ಯುವಿ" ಅಂದರೆ ಸಾಲದು, ಮಾಡೆಲ್ ಕೇಳಿ.

ನಕಲಿ ಬ್ರೋಕರ್‌ಗಳು

ಮೂರೂ ಬಗೆಗೆ ಸೇರಿದ ಮಾತು ಇದು, ನನಗೆ ಎಲ್ಲಕ್ಕಿಂತ ಮುಖ್ಯ. ಬೇರೆಯವರ ಲೋಡ್ ಬೋರ್ಡ್ ಖಾತೆ ಕದ್ದು, ಅವರ ಹೆಸರಲ್ಲೇ ಲೋಡ್ ಕೊಡುವ ಕಳ್ಳರಿದ್ದಾರೆ. ನೀವು ಪ್ರಾಮಾಣಿಕವಾಗಿ ಕಾರು ಏರಿಸುತ್ತೀರಿ. ದಾರಿಯಲ್ಲಿ ಫೋನ್ ಬರುತ್ತದೆ, "ವಿಳಾಸ ಬದಲಾಗಿದೆ, ಇಲ್ಲಿ ಇಳಿಸಿ." ಇಳಿಸಿದ ಕಾರು ಕಳುವಾಯಿತು, ಹಣವೂ ಇಲ್ಲ, ಪೊಲೀಸರು ಮೊದಲು ಹುಡುಕಿಕೊಂಡು ಬರುವುದು ನಿಮ್ಮನ್ನೇ. ಆದ್ದರಿಂದ ಹೊಸ ಬ್ರೋಕರ್ ಆದರೆ ಟ್ರಕ್ ಸಾಗಣೆ ನೋಡಿಕೊಳ್ಳುವ ಕೇಂದ್ರ ಸರ್ಕಾರಿ ಸಂಸ್ಥೆ ಎಫ್‌ಎಂಸಿಎಸ್‌ಎ ತಾಣದಲ್ಲಿ ಬ್ರೋಕರ್ ಅಥಾರಿಟಿ ಚಾಲ್ತಿಯಲ್ಲಿದೆಯಾ ನೋಡಿ. ಕ್ಯಾರಿಯರ್ (ತಾನೇ ಸಾಗಿಸುವವನ) ಅಥಾರಿಟಿ ಮಾತ್ರ ಇದ್ದರೆ, ಅವನು ಬೇರೆಯವರ ಲೋಡನ್ನು ನಿಮಗೆ ದಾಟಿಸುತ್ತಿದ್ದಾನೆ ಅಂತ ಅರ್ಥ. ಇಮೇಲಿನಲ್ಲಿ ಬಂದ ನಂಬರಿಗೆ ಬೇಡ, ಆ ತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ. ವಿಳಾಸ ಬದಲಾವಣೆ ಬಂದರೂ ಇದೇ ಕ್ರಮ. ಐದು ನಿಮಿಷದ ಕೆಲಸ.

ಏರಿಸುವಾಗ, ಇಳಿಸುವಾಗ ಎರಡು ಸಲವೂ ನಾಲ್ಕು ಕಡೆ, ಚಾವಣಿ, ಓಡೋಮೀಟರ್ ಫೋಟೋ ತೆಗೆಯಿರಿ. ಹರಾಜಿನ ಅಂಗಳವಾದರೆ ಗೇಟು ದಾಟುವ ಮೊದಲೇ ಗೀರುಗಳನ್ನು ಬರೆಸಿ. ದಾಟಿದ ಮೇಲೆ ಆ ಗೀರು ನಿಮ್ಮದೇ.

ಬೋರ್ಡು ಯಾವುದು, ಮಧ್ಯದವರು ಬೇಕೇ

ಸೆಂಟ್ರಲ್ ಡಿಸ್ಪ್ಯಾಚ್‌ಗೆ ತಿಂಗಳ ಶುಲ್ಕ ಇದೆ, ಆದರೂ ಅದಿಲ್ಲದೆ ನಡೆಯುವುದಿಲ್ಲ. ಲೋಡು ಅಲ್ಲೇ ಜಾಸ್ತಿ, ಬ್ರೋಕರ್‌ಗಳ ಬಗ್ಗೆ ಬೇರೆ ಡ್ರೈವರ್‌ಗಳು ಬರೆದದ್ದೂ ಸಿಗುತ್ತದೆ. ಸೂಪರ್ ಡಿಸ್ಪ್ಯಾಚ್ ಆ್ಯಪ್ ನನಗೆ ಇಷ್ಟವಾಗಿದ್ದು ಫೋಟೋ, ಸಹಿ, ಬಿಲ್ಲು ಎಲ್ಲ ಒಂದೇ ಕಡೆ ಆಗುವುದಕ್ಕೆ. ಯುಶಿಪ್‌ನಲ್ಲಿ ಡ್ರೈವರ್‌ಗಳು ಬೆಲೆ ಕೂಗಬೇಕು, ಹಾಗಾಗಿ ಬಾಡಿಗೆ ಕೆಳಗಿಳಿಯುತ್ತದೆ. ಟ್ರೇಲರ್‌ನಲ್ಲಿ ಒಂದು ಜಾಗ ಖಾಲಿ ಉಳಿದಾಗ ಮಾತ್ರ ಅಲ್ಲಿ ನೋಡುತ್ತೇನೆ. ನಿಮ್ಮ ಪರವಾಗಿ ಲೋಡ್ ಹಿಡಿಯುವ ಡಿಸ್ಪ್ಯಾಚರ್‌ಗಳು ಬಾಡಿಗೆಯಲ್ಲಿ ಪಾಲು ಕೇಳುತ್ತಾರೆ. ಶುರುವಿನಲ್ಲೇ ಅವರ ಕೈಗೆ ಕೊಟ್ಟರೆ ಬ್ರೋಕರ್‌ಗಳ ಪರಿಚಯ ಅವರಿಗೆ ಆಗುತ್ತದೆ, ನಿಮಗಾಗುವುದಿಲ್ಲ. ಮೊದಲು ನೀವೇ ಮಾತಾಡಿ.

ಕೊನೆಯದಾಗಿ ಕಾಲ. ಅಕ್ಟೋಬರ್‌ನಿಂದ ಉತ್ತರದ ಹಿರಿಯರು ಚಳಿ ತಪ್ಪಿಸಿಕೊಳ್ಳಲು ಫ್ಲೋರಿಡಾ, ಅರಿಜೋನಾ ಕಡೆ ಕಾರು ಕಳಿಸುತ್ತಾರೆ, ಮಾರ್ಚ್ ಬಂದರೆ ವಾಪಸ್. ಹೋಗುವ ದಿಕ್ಕಿಗೆ ಒಳ್ಳೆಯ ಬಾಡಿಗೆ, ಎದುರು ದಿಕ್ಕಿಗೆ ಸಪ್ಪೆ. ನವೆಂಬರ್‌ನಲ್ಲಿ ಫ್ಲೋರಿಡಾಕ್ಕೆ ಆಸೆ ಹುಟ್ಟಿಸುವ ಲೋಡ್ ಕಂಡರೆ, ಅಲ್ಲಿಂದ ಹೊರಡುವ ಲೋಡುಗಳನ್ನೂ ಬೋರ್ಡಿನಲ್ಲಿ ತೆಗೆದು ನೋಡಿ. ಹೋಗಿ ಬರುವ ಎರಡೂ ಕಡೆಯ ಹಣ ಕೂಡಿಸಿ, ಒಟ್ಟು ದಿನಗಳಿಂದ ಭಾಗಿಸಿ, ಆಮೇಲೆ ಬ್ರೋಕರ್‌ಗೆ ಹೂಂ ಅನ್ನಿ.